ಹಳೆ ಡೆಸ್ಕ್‌ಟಾಪ್‌ಗೆ ಕಡಿಮೆ ಬೆಲೆಯ 1 ಟಿಬಿ ಎಸ್‌ಎಸ್‌ಡಿ ಹಾಕಬಹುದಾ? ಸ್ಪೀಡ್ ಎಷ್ಟಿದ್ದರೆ ಒಳ್ಳೆಯದು?

ಮೂರು ವರ್ಷದ ಹಿಂದೆ ಇದನ್ನೇ ನಾನೂ ಕೇಳಿದ್ದೆ. ಆಗ ಯಾರಾದರೂ ಬೈದು ಹೇಳಿದ್ದರೆ ಚೆನ್ನಾಗಿತ್ತು.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆಯ ಕಂಪ್ಯೂಟರ್ ಆನ್ ಮಾಡಿ, ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕಿ ಬಂದರೂ ವಿಂಡೋಸ್ ಚಕ್ರ ತಿರುಗುತ್ತಲೇ ಇರುತ್ತಿತ್ತು. ಆನ್‌ಲೈನ್‌ನಲ್ಲಿ 1 ಟಿಬಿ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್, ಕಂಡಿತು. ಹೆಸರೇ ಕೇಳದ ಬ್ರ್ಯಾಂಡ್, ಬೆಲೆ ಬೇರೆಯವರ 240 ಜಿಬಿಯಷ್ಟು. ತರಿಸಿ ಸ್ಪೀಡ್ ಟೆಸ್ಟ್ ಓಡಿಸಿದೆ. ಸೆಕೆಂಡಿಗೆ 500 ಎಂಬಿ ಹತ್ತಿರ ಬಂತು. ಹಳೆ ಹಾರ್ಡ್ ಡಿಸ್ಕ್ 100 ದಾಟುತ್ತಿರಲಿಲ್ಲ. ಅಮ್ಮನನ್ನು ಕರೆದು ತೋರಿಸಿದೆ. "ಇಷ್ಟಕ್ಕೆ ಕರೆದ್ಯಾ?" ಅಂದು ಒಳಗೆ ಹೋದರು.

ರಾತ್ರಿ 280 ಜಿಬಿ ಕಾಪಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಮುಗಿದಿತ್ತು, ಒಂದೂ ಎರರ್ ಇಲ್ಲ. ನಾಲ್ಕು ಫೈಲ್ ತೆರೆದೆ, ಸರಿ ಇದ್ದವು. ನಾನು ಕೆಟ್ಟಿದ್ದು ಇಲ್ಲೇ. ತೆರೆದಿದ್ದು ಮೇಲಿನ ಫೋಲ್ಡರ್‌ಗಳನ್ನು ಮಾತ್ರ. ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಇಟ್ಟಿದ್ದೆ. ಎ ಅಕ್ಷರದ ಅಡಿಕೆ ಲೆಕ್ಕ ಮೊದಲು, ಎಂ ಅಕ್ಷರದ ಮದುವೆ ಎಷ್ಟೋ ಕೆಳಗೆ. ಕಾಪಿ ಆಗಿದ್ದೂ ಅದೇ ಸಾಲಿನಲ್ಲಿ. ಎಸ್‌ಎಸ್‌ಡಿ ಒಳಗೆ ನಿಜವಾಗಿ ಇದ್ದದ್ದು 128 ಜಿಬಿ. ಅದನ್ನು ನಡೆಸುವ ಒಳಗಿನ ಪ್ರೋಗ್ರಾಂ (ಫರ್ಮ್‌ವೇರ್) ತಿದ್ದಿ 1 ಟಿಬಿ ಅಂತ ಸುಳ್ಳು ಹೇಳಿಸಿದ್ದರು. ಅಡಿಕೆ ಲೆಕ್ಕಕ್ಕೆ ಜಾಗ ಸಿಕ್ಕಿತು. ಜಾಗ ಮುಗಿದ ಮೇಲೆ ಬಂದದ್ದನ್ನೆಲ್ಲ "ಬರೆದೆ, ಬರೆದೆ" ಅನ್ನುತ್ತಾ ಬಿಸಾಡಿತು. ಫೈಲ್ ಹೆಸರು, ಸೈಜ್, ತಾರೀಖು ಎಲ್ಲ ಸರಿಯಾಗೇ ಕಾಣುತ್ತಿತ್ತು. ಆ ಪಟ್ಟಿ ಸಾಮಾನ್ಯವಾಗಿ ಡಿಸ್ಕ್‌ನ ಮೊದಲ ಭಾಗದಲ್ಲೇ ಇರುತ್ತದೆ ನೋಡಿ, ಅದಕ್ಕೆ. ಪಟ್ಟಿಯ ಕೊನೆಯ ಒಂದು ಫೋಟೋ ತೆರೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಒಂದೇ ಒಂದು!

ಹಳೆ ಡಿಸ್ಕ್ ಸುಮ್ನೆ ಯಾಕೆ ಅಂತ ಭಾವನಿಗೆ ಕೊಟ್ಟೆ, ಅಡಿಕೆ ಒಣಗಿಸುವ ಅಂಗಳದ ಸಿಸಿಟಿವಿಗೆ. ಬರೀ ಫಾರ್ಮ್ಯಾಟ್ ಆಗಿದ್ದರೆ ರಿಕವರಿ ಸಾಫ್ಟ್‌ವೇರ್‌ನಿಂದ ಒಂದಿಷ್ಟಾದರೂ ತೆಗೆಯಬಹುದಿತ್ತು. ಸಿಸಿಟಿವಿ ಹಗಲೂ ರಾತ್ರಿ ಅದರ ಮೇಲೇ ಬರೆಯುತ್ತದೆ. ದೀಪಾವಳಿಗೆ ಬಂದ ತಂಗಿ, "ಅಣ್ಣ, ಇದು ಓಪನ್ ಆಗ್ತಾ ಇಲ್ಲ ನೋಡು" ಅಂದಳು. ಅಷ್ಟರಲ್ಲಿ ಅವಳ ಮದುವೆ ಇದ್ದ ಜಾಗದಲ್ಲಿ ಅಡಿಕೆ ಒಣಗುತ್ತಿತ್ತು, ನಡುನಡುವೆ ಒಂದು ನಾಯಿ. ಎಸ್‌ಎಸ್‌ಡಿ ವಾಪಸ್ ಕಳಿಸುವ ದಿನವೂ ಮುಗಿದಿತ್ತು.

ಹಾಗಾಗಿ ಸ್ಪೀಡ್ ಪ್ರಶ್ನೆ ಬಿಡಿ. ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್‌ನ ಕೇಬಲ್‌ಗೇ ಜೋಡಿಸುವಂಥದ್ದು, ಯಾವುದೇ ಆದರೂ ಸೆಕೆಂಡಿಗೆ 550 ಎಂಬಿ ಆಸುಪಾಸಿಗೆ ನಿಲ್ಲುತ್ತದೆ. 450ಕ್ಕೂ 550ಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತೂ ಆಗಲ್ಲ. 1 ಟಿಬಿಯೂ ಬೇಡ. ವಿಂಡೋಸ್ ಹಾಕಲು, ನೀವು ಹೆಸರು ಕೇಳಿರುವ ಕಂಪನಿಯ 240 ಜಿಬಿ ಸಾಕು. ಬೇಗ ಸವೆದು ಹೋಗುತ್ತೆ ಅನ್ನುವ ಹೆದರಿಕೆಯೂ ಬೇಡ. ಕಿಂಗ್‌ಸ್ಟನ್ ಎ400ರ 240 ಜಿಬಿಗೆ ಕಂಪನಿ ಹೇಳುವ ಬಾಳಿಕೆ ಒಟ್ಟು 80 ಟಿಬಿ ಬರೆಯುವಷ್ಟು. ದಿನಕ್ಕೆ 20 ಜಿಬಿ ಬರೆದರೂ ಹತ್ತು ವರ್ಷದ ಮೇಲೆ ಆಯ್ತು.

ಬಂದ ದಿನವೇ, ಅದಕ್ಕೆ ವಿಂಡೋಸ್ ಹಾಕುವ ಮುಂಚೆ, ಖಾಲಿ ಡಿಸ್ಕ್ ಮೇಲೆ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. ಉಚಿತ ಸಾಫ್ಟ್‌ವೇರ್. ಪೂರ್ತಿ ಜಾಗ ತುಂಬಿಸಿ, ಬರೆದದ್ದನ್ನು ವಾಪಸ್ ಓದಿ ನೋಡುತ್ತದೆ. ಸ್ಪೀಡ್ ಟೆಸ್ಟ್ ಒಂದೆರಡು ಜಿಬಿ ಮುಟ್ಟಿ ಸುಮ್ಮನಾಗುತ್ತದೆ, ಅದರಿಂದ ಮೋಸ ಗೊತ್ತಾಗಲ್ಲ. ಎಚ್2ಟೆಸ್ಟ್‌ಡಬ್ಲ್ಯೂಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಮಳೆಗಾಲವಾದರೆ ಯುಪಿಎಸ್ ಇದ್ದರೆ ಒಳ್ಳೆಯದು, ನಮ್ಮ ಕಡೆ ಕರೆಂಟ್ ಹಣೆಬರಹ ನಿಮಗೂ ಗೊತ್ತಲ್ವಾ.

ಹಳೆ ಡಿಸ್ಕ್ ತೆಗೆಯಲೇ ಬೇಡಿ. ಪಕ್ಕದ ಸಾಟಾ ಪೋರ್ಟ್‌ಗೆ ಹಾಕಿ ಒಳಗೇ ಇಟ್ಟುಕೊಳ್ಳಿ. ಯಾರಾದರೂ ಕೇಳಿಕೊಂಡು ಬಂದರೆ, ಭಾವನೇ ಆಗಲಿ, ಕಾಫಿ ಕೊಟ್ಟು ಕಳಿಸಿ.