ಮೆನೋರ್ಕಾದ ಹೊಟೇಲುಗಳು: ಕೊಟ್ಟ ಹಣಕ್ಕೆ ಸಿಗುವುದೇನು?

ಪ್ರಶ್ನೆ: ಬರುವ ವರ್ಷ ನಮ್ಮ ಮದುವೆಗೆ 25 ವರ್ಷ ತುಂಬುತ್ತದೆ. ಸ್ಪೇನ್ ದೇಶದ ಮೆನೋರ್ಕಾ ದ್ವೀಪದ ಒಳ್ಳೆಯ ಹೊಟೇಲೊಂದರಲ್ಲಿ, ಸದ್ದುಗದ್ದಲವಿಲ್ಲದೆ, ಒಂದು ವಾರ ಇದ್ದು ಬರಬೇಕೆಂಬ ಆಸೆಯಿದೆ. ಆದರೆ ಅಲ್ಲಿಯ ದುಬಾರಿ ಹೊಟೇಲುಗಳ ಚಿತ್ರಗಳಲ್ಲಿ ಸಮುದ್ರವೇ ಕಾಣುವುದಿಲ್ಲ. ಹೊಲದ ನಡುವೆ ಸುಣ್ಣ ಬಳಿದ ಹಳೆಯ ಮನೆಗಳಷ್ಟೇ ಕಾಣುತ್ತವೆ. ಇದಕ್ಕೆ ಅಷ್ಟು ಹಣ ಕೊಡುವುದು ಸರಿಯೇ? ಯಾವ ತಿಂಗಳಲ್ಲಿ ಹೋಗಬೇಕು?
– ದಂಪತಿ, ಜಯನಗರ, ಬೆಂಗಳೂರು

ಉತ್ತರ: ಮೆನೋರ್ಕಾಗೆ ಹೊರಟವರಲ್ಲಿ ಬಹುಪಾಲು ಜನ ನನ್ನನ್ನು ಮೊದಲು ಕೇಳುವುದು ಇದನ್ನೇ. ನೀವು ಚಿತ್ರಗಳಲ್ಲಿ ಕಂಡದ್ದು ‘ಲ್ಯೋಕ್’ ಎಂದು ಕರೆಯುವ ಹಳೆಯ ತೋಟದ ಮನೆಗಳನ್ನು. ‘ಮರೆಸ್’ ಎಂಬ ಮೆತ್ತನೆಯ ಸುಣ್ಣಕಲ್ಲನ್ನು ಕೊಯ್ದು ಕಟ್ಟಿದ ದಪ್ಪ ಗೋಡೆ, ಬಿಸಿಲು ಒಳಗೆ ನುಗ್ಗದಂತೆ ಇಟ್ಟ ಸಣ್ಣ ಕಿಟಕಿಗಳು, ಒಂದು ಬದಿಗೆ ಕೊಟ್ಟಿಗೆ: ಹಸು ಸಾಕಿ ಗಿಣ್ಣು (ಚೀಸ್) ಮಾಡುತ್ತಿದ್ದ ಕುಟುಂಬಗಳು ಬಾಳಿದ ಮನೆಗಳಿವು. ಅವುಗಳಲ್ಲಿ ಕೆಲವನ್ನು ಕಳೆದ ಒಂದೆರಡು ದಶಕಗಳಲ್ಲಿ ಹೊಟೇಲುಗಳನ್ನಾಗಿ ಮಾರ್ಪಡಿಸಲಾಗಿದೆ. ಅಲಯೋರ್ ಪಟ್ಟಣದ ಆಸುಪಾಸಿನಲ್ಲಿ ದ್ರಾಕ್ಷಿತೋಟದ ನಡುವಿರುವ ತೊರಾಲ್ಬೆಂಕ್ ಇಂಥದ್ದೊಂದು.

ಹಾಗಾದರೆ ಕಡಲ ಅಂಚಿನಲ್ಲಿ ಹೊಟೇಲುಗಳೇ ಇಲ್ಲವೇ ಎಂದರೆ, ಇವೆ. ಸೊನ್ ಬೌ, ಕಲಾ ಗಲ್ದಾನಾ ಮುಂತಾದ ಕಡೆ ಬಹುಮಹಡಿ ಹೊಟೇಲುಗಳು ಬಹಳ ಹಿಂದೆಯೇ ಎದ್ದುನಿಂತಿವೆ. ಪ್ಯಾಕೇಜ್ ಪ್ರವಾಸದ ಕುಟುಂಬಗಳಿಂದ ಬೇಸಿಗೆಯಲ್ಲಿ ಅವು ತುಂಬಿರುತ್ತವೆ. ಆದರೆ 1993ರಲ್ಲಿ ಯುನೆಸ್ಕೊ ಇಡೀ ದ್ವೀಪವನ್ನು ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿದ್ದರಿಂದಲೂ, ಆಮೇಲೆ ಬಂದ ಬಿಗಿಯಾದ ಕಟ್ಟಡ ನಿಯಮಗಳಿಂದಲೂ ಕರಾವಳಿಯ ಬಹುಭಾಗ ಹಾಗೆಯೇ ಉಳಿಯಿತು. ಚಪ್ಪಲಿ–ಬೂಟು, ಕೃತಕ ಆಭರಣ ಮತ್ತು ಗಿಣ್ಣಿನ ಉದ್ಯಮಗಳು ಮೊದಲಿನಿಂದಲೂ ಇದ್ದುದರಿಂದ, ಪಕ್ಕದ ಮಯೋರ್ಕಾದಂತೆ ಈ ದ್ವೀಪ ಆತುರದಿಂದ ಪ್ರವಾಸೋದ್ಯಮಕ್ಕೆ ಇಳಿಯಲಿಲ್ಲ. ಹೀಗಾಗಿ ಇಲ್ಲಿ ಮೌನ ಬೇಕೆನ್ನುವವರು ಒಳನಾಡಿಗೇ ಹೋಗಬೇಕು. ಅದರಿಂದ ನಷ್ಟವೇನೂ ಇಲ್ಲ. ದ್ವೀಪದ ವಿಸ್ತೀರ್ಣ ಸುಮಾರು 700 ಚದರ ಕಿಲೋಮೀಟರ್ ಮಾತ್ರ, ಪೂರ್ವದ ಮಾವೋದಿಂದ ಪಶ್ಚಿಮದ ಸಿಯುತದೆಲ್ಯಾಗೆ ಹೋಗುವ ಹೆದ್ದಾರಿಯ ಉದ್ದ 45 ಕಿಲೋಮೀಟರಿನಷ್ಟು. ನಡುವಿನ ಯಾವ ಊರಿನಲ್ಲಿದ್ದರೂ ಅರ್ಧ ಗಂಟೆಯೊಳಗೆ ಸಮುದ್ರ ಸಿಗುತ್ತದೆ.

ನಿಮ್ಮ ಹಣ ಹೋಗುವುದು ಎಲ್ಲಿಗೆ ಎಂಬುದನ್ನು ಹೊಟೇಲಿನ ದಾರಿಯಲ್ಲೇ ತಿಳಿಯಬಹುದು. ಹೆದ್ದಾರಿ ಬಿಟ್ಟೊಡನೆ ರಸ್ತೆ ಒಂದು ಕಾರು ಹೋಗುವಷ್ಟಕ್ಕೆ ಕಿರಿದಾಗುತ್ತದೆ. ಎರಡೂ ಬದಿಗೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಲೇಬೇಕು. ಕೊನೆಗೊಂದು ಗೇಟು ಸಿಗುತ್ತದೆ. ಕಾಡು ಆಲಿವ್ ಮರದ ಕೊಂಬೆಗಳನ್ನು ನೇರ ಮಾಡದೆ, ಬಾಗಿದ್ದುದು ಬಾಗಿದಂತೆಯೇ ಜೋಡಿಸಿ ಮಾಡಿದ ಆ ಗೇಟಿನಲ್ಲಿ ಒಂದು ಪಟ್ಟಿಯ ಹಾಗೆ ಇನ್ನೊಂದಿರುವುದಿಲ್ಲ. ಅದನ್ನು ದಾಟಿದ ಮೇಲೆ ರಾತ್ರಿ ಕೇಳಿಸುವುದು ಹಸುವಿನ ಕೊರಳ ಗಂಟೆ ಮತ್ತು ಗಾಳಿ ಮಾತ್ರ. ಇಂಥ ಮನೆಗಳಲ್ಲಿ ಕೋಣೆಗಳು ಕಡಿಮೆ, ಅವುಗಳ ಸುತ್ತಲಿನ ಜಮೀನು ಹೆಚ್ಚು. ದರ ಏರುವುದು ಈ ಲೆಕ್ಕದಿಂದಲೇ ಹೊರತು ಅಮೃತಶಿಲೆಯ ನೆಲದಿಂದಲೋ ಚಿನ್ನದ ಬಣ್ಣದ ನಲ್ಲಿಯಿಂದಲೋ ಅಲ್ಲ. ಕರೆದಾಗಲೆಲ್ಲ ಓಡಿಬರುವ ಸಿಬ್ಬಂದಿ, ದೊಡ್ಡ ಲಾಬಿ, ಸಂಜೆಯ ಮನರಂಜನೆ ಇವೆಲ್ಲ ಐಷಾರಾಮದ ಅಂಗಗಳೆಂದು ಭಾವಿಸುವವರಿಗೆ ಮೆನೋರ್ಕಾ ನಿರಾಸೆ ಮಾಡುತ್ತದೆ. ಅಂಥವರಿಗೆ ದುಬೈ ಸಾಕೆಂದು ನಾನೇ ಹೇಳಿ ಕಳುಹಿಸಿದ್ದೂ ಉಂಟು.

ಕಾಲದ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ: ಜುಲೈ, ಆಗಸ್ಟ್ ಬೇಡ. ಆಗ ದರ ತುತ್ತತುದಿಯಲ್ಲಿರುತ್ತದೆ, ಚಿಕ್ಕ ಕಡಲತೀರಗಳಲ್ಲಿ ಟವೆಲ್ ಹಾಸಲು ಜಾಗವಿರುವುದಿಲ್ಲ. ಮಕರೆಲ್ಯಾದಂಥ ಹೆಸರಾಂತ ತೀರಕ್ಕೆ ಬೇಸಿಗೆಯಲ್ಲಿ ಸ್ವಂತ ಕಾರಿನಲ್ಲಿ ಹೋಗಲು ನಿರ್ಬಂಧವಿದ್ದು, ಸಿಯುತದೆಲ್ಯಾದಿಂದ ಬಸ್ಸು ಹಿಡಿಯಬೇಕಾಗುತ್ತದೆ. ಮೇ ತಿಂಗಳಲ್ಲಿ ಹೊಲಗಳು ಹಸಿರಾಗಿರುತ್ತವೆ, ಆದರೆ ನೀರು ನಮ್ಮ ಮೈಗೆ ತಣ್ಣಗೆನಿಸುತ್ತದೆ. ಬೇಸಿಗೆಯ ಬಿಸಿಲೆಲ್ಲ ಸಮುದ್ರದಲ್ಲಿ ಉಳಿದು, ಜನ ಕರಗಿರುವ ಸೆಪ್ಟೆಂಬರಿನ ಎರಡನೆಯ ಭಾಗವೇ ನಿಮಗೆ ಸರಿ. ನವೆಂಬರಿನಿಂದ ಈಸ್ಟರ್ ತನಕ ಬಹಳಷ್ಟು ಹೊಟೇಲುಗಳು ಬಾಗಿಲು ಹಾಕಿರುತ್ತವೆ. ಜೂನ್ 23, 24ರಂದು ಸಿಯುತದೆಲ್ಯಾದಲ್ಲಿ ಸಂತ ಜುವಾನ್ ಹಬ್ಬ. ಜನಸಂದಣಿಯ ನಡುವೆ ಕರಿಕುದುರೆಗಳು ಹಿಂಗಾಲ ಮೇಲೆ ನಿಲ್ಲುವ ಆ ನೋಟ ಅಪೂರ್ವವಾದರೂ, ಮೌನ ಹುಡುಕಿ ಹೊರಟವರು ಆ ದಿನಗಳಲ್ಲಿ ಆ ಊರಿನ ಕಡೆ ಸುಳಿಯಬಾರದು.

ಇನ್ನು ಗಾಳಿ. ಉತ್ತರದಿಂದ ಬೀಸುವ ‘ತ್ರಮುಂತಾನಾ’ ಗಾಳಿಯ ಹೊಡೆತಕ್ಕೆ ದ್ವೀಪದ ಮರಗಳು ದಕ್ಷಿಣಕ್ಕೆ ವಾಲಿಕೊಂಡೇ ಬೆಳೆದಿವೆ. ಅದು ಬೀಸುವ ದಿನ ಉತ್ತರದ ಕವಲೆರಿಯಾ, ಪ್ರೆಗೊಂಡಾ ತೀರಗಳ ಕೆಂಪು ಮರಳು ಮುಖಕ್ಕೆ ಹೊಡೆಯುತ್ತದೆ; ಅದೇ ಹೊತ್ತಿನಲ್ಲಿ ಸುಣ್ಣಕಲ್ಲಿನ ಬಂಡೆಗಳ ಮರೆಯಲ್ಲಿರುವ ದಕ್ಷಿಣದ ಬಿಳಿ ಮರಳಿನ ತೀರಗಳಲ್ಲಿ ನೀರು ಕೊಳದಂತೆ ನಿಂತಿರುತ್ತದೆ. ಗಾಳಿ ದಿಕ್ಕು ಬದಲಿಸಿದರೆ ನೀವೂ ಬದಲಿಸಬೇಕು. ದ್ವೀಪದ ಮಧ್ಯಭಾಗದ ಹೊಟೇಲು ಹಿಡಿಯಿರಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ: ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗಾಳಿಯನ್ನು ಕೇಳಿಕೊಂಡು, ಆಮೇಲೆ ಯಾವ ಕಡೆ ಹೋಗುವುದೆಂದು ತೀರ್ಮಾನಿಸಬಹುದು. ಇದಕ್ಕೆ ಕಾರು ಬೇಕೇ ಬೇಕು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಅಲ್ಲಿ ವಾಹನ ಓಡಿಸುವುದು ರಸ್ತೆಯ ಬಲಬದಿಯಲ್ಲಿ ಎಂಬುದು ಗೇಟು ದಾಟಿ ಹೊರಬರುವಾಗಲೇ ಮರೆತುಹೋಗುವುದು.

ಬೆಂಗಳೂರಿನಿಂದ ಯುರೋಪಿನ ಒಂದು ದೊಡ್ಡ ನಿಲ್ದಾಣ, ಅಲ್ಲಿಂದ ಬಾರ್ಸಿಲೋನಾ, ಅಲ್ಲಿಂದ ಒಂದು ಗಂಟೆಯೊಳಗಿನ ವಿಮಾನ. ಹೀಗೆ ಪ್ರಯಾಣ ದೀರ್ಘವಾಗುವುದರಿಂದ ಬಾರ್ಸಿಲೋನಾದಲ್ಲಿ ಒಂದು ರಾತ್ರಿ ತಂಗುವುದು ಒಳ್ಳೆಯದು. ವಿಮಾನ ಫ್ರಾಂಕ್‌ಫರ್ಟಿನಲ್ಲಿ ಇಳಿದರೂ, ಹೆಚ್ಚು ದಿನ ಉಳಿಯುವುದು ಸ್ಪೇನಿನಲ್ಲಾದ್ದರಿಂದ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ಅರ್ಜಿಯನ್ನು ಸ್ಪೇನಿಗೇ ಸಲ್ಲಿಸಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ. ವೀಸಾ ಕೈಸೇರುವವರೆಗೆ, ರದ್ದುಪಡಿಸಿದರೆ ಹಣ ವಾಪಸಾಗುವ ದರದಲ್ಲೇ ಕೋಣೆ ಕಾಯ್ದಿರಿಸಿ, ಅದು ಸ್ವಲ್ಪ ಹೆಚ್ಚಾದರೂ ಸರಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಒಂದು ವಾರ ಬ್ರೆಡ್ಡು, ಹಣ್ಣಿನಲ್ಲೇ ಕಳೆಯಬೇಕಾಗುವುದೇ?
– ಓದುಗರು, ಮೈಸೂರು

ಉತ್ತರ: ಹಾಗೇನಿಲ್ಲ, ಆದರೆ ಎಚ್ಚರ ಬೇಕು. ಬೆಳಗಿನ ಮೇಜಿನ ಮೇಲೆ ಶಂಖದಂತೆ ಸುತ್ತಿದ, ಸಕ್ಕರೆ ಪುಡಿ ಉದುರಿಸಿದ ಮೃದುವಾದ ತಿನಿಸೊಂದನ್ನು ಇಟ್ಟಿರುತ್ತಾರೆ; ನೋಡಿದರೆ ಯಾವ ಅನುಮಾನವೂ ಬಾರದು. ಅದರ ಹೆಸರು ಎನ್ಸೈಮಾದಾ. ‘ಸೈಮ್’ ಎಂದರೆ ಹಂದಿಯ ಕೊಬ್ಬು, ಆ ಹೆಸರು ಹುಟ್ಟಿದ್ದೇ ಅದರಿಂದ. ಹಿಟ್ಟಿನಲ್ಲಿ ಮೊಟ್ಟೆಯೂ ಇರುತ್ತದೆ. ಮಾವೋ ಹೆಸರಿನ ಪ್ರಸಿದ್ಧ ಗಿಣ್ಣು ಹಸುವಿನ ಹಾಲಿನದೇ ಆದರೂ, ಹಾಲು ಒಡೆಸಲು ರೆನೆಟ್ ಎಂಬ ಪ್ರಾಣಿಮೂಲದ ಕಿಣ್ವ ಬಳಸುವುದುಂಟು; ಅದು ನಿಮಗೆ ಒಗ್ಗದಿದ್ದರೆ ಮೊದಲೇ ಕೇಳಿಕೊಳ್ಳಿ. ಮಯೊನೇಸ್ ಎಂಬ ಹೆಸರು ಇದೇ ಮಾವೋದಿಂದ ಬಂತೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ, ಅದರಲ್ಲಿಯೂ ಮೊಟ್ಟೆಯೇ.

ನಿಮಗೆ ಹೇಳಿ ಮಾಡಿಸಿದಂಥದ್ದು ‘ಒಲಿಆಯ್ಗುವಾ’ ಎಂಬ ಬಡವರ ಸಾರು. ಟೊಮೇಟೊ, ಈರುಳ್ಳಿ, ದಪ್ಪ ಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ, ನೀರು ಹಾಕಿ, ಕುದಿ ಬರುವ ಮುನ್ನವೇ ಇಳಿಸುತ್ತಾರೆ. ಸುಟ್ಟ ಬ್ರೆಡ್ಡಿನ ತೆಳುವಾದ ಹೋಳುಗಳ ಮೇಲೆ ಸುರಿದು, ಬೇಸಿಗೆಯ ಕೊನೆಯಲ್ಲಿ ಅಂಜೂರದ ಹಣ್ಣಿನೊಂದಿಗೆ ಕೊಡುತ್ತಾರೆ. ಚಿಕ್ಕ ಹೊಟೇಲುಗಳಿಗೆ ಇರುವ ಅನುಕೂಲವೆಂದರೆ ಅಡುಗೆಯವರೊಡನೆ ನೇರವಾಗಿ ಮಾತನಾಡಬಹುದು. ‘ಸಸ್ಯಾಹಾರಿ’ ಎಂದಷ್ಟೇ ಬರೆದರೆ ಮೀನು ಬರುವ ಸಂಭವವಿದೆ. ಮಾಂಸ, ಮೀನು, ಮೊಟ್ಟೆ, ಹಂದಿಕೊಬ್ಬು ಬೇಡವೆಂದು ಒಂದೊಂದನ್ನೂ ಹೆಸರಿಸಿ ಎರಡು ವಾರ ಮೊದಲೇ ಇಮೇಲ್ ಕಳುಹಿಸಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿರುವ ನಾವು ಆರು ವರ್ಷದ ಮಗಳೊಂದಿಗೆ, ಊರಿನಿಂದ ಬರುವ ಅತ್ತೆಯವರನ್ನೂ ಕರೆದುಕೊಂಡು ಹೋಗಬಹುದೇ? ಅವರಿಗೆ ಮಂಡಿನೋವಿದೆ.
– ಓದುಗರು, ಜರ್ಮನಿ

ಉತ್ತರ: ಹೋಗಬಹುದು, ಆದರೆ ನಾನು ಮೇಲೆ ಹೊಗಳಿದ ತೋಟದ ಮನೆಗಳಿಗಲ್ಲ. ಅವುಗಳಲ್ಲಿ ಹಲವು ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ, ಮೆಟ್ಟಿಲುಗಳೂ ಕಡಿದಾಗಿರುತ್ತವೆ. ಚೆಲುವಾದ ಚಿಕ್ಕ ತೀರಗಳಿಗೆ ಕಾರು ನಿಲ್ಲಿಸಿ ಕಲ್ಲುದಾರಿಯಲ್ಲಿ ಇಳಿಯಬೇಕು. ಅಗಲವಾದ, ನೀರು ಆಳವಿಲ್ಲದ ಸೊನ್ ಬೌ ತೀರದ ಹತ್ತಿರ, ಲಿಫ್ಟ್ ಇರುವ ಹೊಟೇಲನ್ನೇ ಆರಿಸಿಕೊಳ್ಳಿ. ತೀರದಲ್ಲಿ ಕಂದು ಬಣ್ಣದ ಒಣ ಎಲೆಗಳ ರಾಶಿ ಕಂಡರೆ ಕಸವೆಂದು ದೂರಬೇಡಿ; ಅದು ಪೊಸಿಡೋನಿಯಾ ಎಂಬ ಕಡಲಹುಲ್ಲು. ನೀರು ಅಷ್ಟು ತಿಳಿಯಾಗಿರುವುದಕ್ಕೂ, ಮರಳು ಅಲೆಗೆ ಕೊಚ್ಚಿಹೋಗದೆ ನಿಂತಿರುವುದಕ್ಕೂ ಅದೇ ಕಾರಣ. ಅತ್ತೆಯವರನ್ನು ಒಂದು ಸಂಜೆ ತೊರಾಲ್ಬಾ ದೆನ್ ಸಲೋರ್ತ್‌ಗೆ ಕರೆದೊಯ್ಯಿರಿ. ಒಂದು ನಿಲುವುಗಲ್ಲಿನ ಮೇಲೆ ಇನ್ನೊಂದನ್ನು ಅಡ್ಡ ಹೇರಿ, ಕ್ರಿಸ್ತಪೂರ್ವದಲ್ಲೇ ನಿಲ್ಲಿಸಿದ ‘ತೌಲಾ’ ಅಲ್ಲಿದೆ. ಇಂಥ ನೆಲೆಗಳಿಗೆ 2023ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು. ರಸ್ತೆಯ ಪಕ್ಕದಲ್ಲೇ ಇರುವುದರಿಂದ ಹೆಚ್ಚು ನಡೆಯಬೇಕಾಗಿಲ್ಲ.