ಊರ ಪಕ್ಕ ಜಲ್ಲಿ ಕ್ವಾರಿ ಬಂದರೆ ಬಾವಿ, ಕೆರೆಗಳಿಗೆ ಏನಾಗುತ್ತದೆ?

ಕ್ವಾರಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿಯುತ್ತದೆಯೇ ಎಂಬುದೇ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರದಂಥ ಗಟ್ಟಿಕಲ್ಲಿನ ಸೀಮೆಯಲ್ಲಿ ಅಂತರ್ಜಲ ಇರುವುದು ಮೇಲಿನ ಶಿಥಿಲ (ಸವೆದು ಸಡಿಲವಾದ) ಕಲ್ಲಿನ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಗುಂಡಿ ಅಂಥ ಬಿರುಕನ್ನು ಕತ್ತರಿಸಿದರೆ ನೀರು ಅಲ್ಲಿಗೆ ಜಿನುಗುತ್ತದೆ. ಕೆಲಸ ಸಾಗಲು ಅದನ್ನು ಪಂಪ್ ಮಾಡಿ ಹೊರಹಾಕುತ್ತಾರೆ. ಅದೇ ಬಿರುಕನ್ನು ನಂಬಿದ ಬೋರ್‌ವೆಲ್ ದೂರದಲ್ಲಿದ್ದರೂ ಸೊರಗಬಹುದು, ಪಕ್ಕದ್ದೇ ಉಳಿದುಕೊಳ್ಳಬಹುದು. ಹಾಗಾಗಿ "ದೂರವಿದೆ, ಭಯವಿಲ್ಲ" ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಕ್ರಷರ್ ದೂಳು ಮಳೆಗೆ ಕೊಚ್ಚಿಬಂದು ಕೆರೆಯಲ್ಲಿ ಹೂಳಾಗುತ್ತದೆ. ಸಿಡಿಮದ್ದಿನ ಉಳಿಕೆಯಿಂದ ನೀರಿಗೆ ನೈಟ್ರೇಟ್ ಸೇರಬಹುದು.

2012ರ ಸುಪ್ರೀಂ ಕೋರ್ಟ್ ಆದೇಶದ ನಂತರ 5 ಹೆಕ್ಟೇರ್‌ಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು. ಕೆಲಸ ಶುರುವಾಗುವ ಮುಂಚೆಯೇ, ಬೇಸಿಗೆಯಲ್ಲೊಮ್ಮೆ ಮಳೆಗಾಲದ ನಂತರ ಮತ್ತೊಮ್ಮೆ, ಸುತ್ತಲಿನ ಬಾವಿಗಳ ನೀರಿನ ಮಟ್ಟ ಅಳೆದು ಪಂಚಾಯಿತಿಯಲ್ಲಿ ದಾಖಲಿಸಿಡಿ. ಅದಿಲ್ಲದೆ ಮುಂದೆ ನಷ್ಟ ಸಾಬೀತುಪಡಿಸುವುದು ಬಹಳ ಕಷ್ಟ.