ದಾವಣಗೆರೆಯಲ್ಲೇ ಕೂತು ಕೋಡ್ ಬರೆಯೋಕೆ ಯಾವ ಭಾಷೆ, ಯಾವ ಸಾಮಾನು?

ನಿಮ್ಮ ಪ್ರಶ್ನೆ ಇದು: "ಬಿ.ಇ. ಮುಗಿಯುತ್ತಾ ಬಂತು. ಬೆಂಗಳೂರಿಗೆ ಹೋಗದೆ ದಾವಣಗೆರೆಯಲ್ಲೇ ಇದ್ದು ಇಲ್ಲಿನ ಅಂಗಡಿಯವರಿಗೆ ಸಾಫ್ಟ್‌ವೇರ್ ಮಾಡಿಕೊಡಬೇಕು ಅಂತ ಆಸೆ. ಯಾವ ಪ್ರೋಗ್ರಾಮಿಂಗ್ ಭಾಷೆ ಹಿಡಿಯಲಿ? ಲ್ಯಾಪ್‌ಟಾಪ್, ಕೀಬೋರ್ಡ್ ಯಾವುದು ತಗೊಳ್ಳಲಿ? ನಿಮಗೆ ಇಷ್ಟವಾದದ್ದು ಹೇಳಿ ಸರ್, ಟಾಪ್ ಟೆನ್ ಪಟ್ಟಿ ಬೇಡ."

ಪಟ್ಟಿ ಬೇಡ ಅಂದದ್ದು ಒಳ್ಳೆಯದಾಯಿತು. ನಾನು ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟು ಬದುಕುವವನು. ಹಾಗಾಗಿ ನನ್ನ ಉತ್ತರ ಪೂರ್ತಿ ಆ ಕಡೆಗೇ ವಾಲಿರುತ್ತದೆ. ದೊಡ್ಡ ಕಂಪನಿಯ ಇಂಟರ್‌ವ್ಯೂಗೆ ತಯಾರಾಗುತ್ತಿರುವವರು ಇದನ್ನು ಓದಿ ದಾರಿ ತಪ್ಪಬೇಡಿ.

ಮೊದಲು ಎಸ್‌ಕ್ಯೂಎಲ್ ಕಲಿಯಿರಿ, ಅಂದರೆ ಡೇಟಾಬೇಸಿನಲ್ಲಿ ಲೆಕ್ಕ ಇಡುವ, ಬೇಕಾದದ್ದನ್ನು ಕೇಳಿ ತೆಗೆಯುವ ಭಾಷೆ. ಭಾಷೆಗಳ ಚರ್ಚೆಯಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಬರೆದ ಲೇಖನದಿಂದ ಹುಟ್ಟಿದ ವಿಚಾರ ಇದು, ಇವತ್ತಿಗೂ ಹಾಗೇ ನಿಂತಿದೆ. ಅಂಗಡಿ ಸಾಹುಕಾರರು ಕೇಳುವುದೇನು? "ಯಾವ ರೈತರಿಗೆ ಎಷ್ಟು ಬಾಕಿ ಕೊಡಬೇಕು? ಹೋದ ವರ್ಷ ಇದೇ ತಿಂಗಳು ಮೆಕ್ಕೆಜೋಳ ಎಷ್ಟು ಚೀಲ ಬಂದಿತ್ತು?" ಎರಡೂ ಎಸ್‌ಕ್ಯೂಎಲ್ ಪ್ರಶ್ನೆಗಳೇ. ಅದಕ್ಕೆ ಬಣ್ಣಬಣ್ಣದ ಪರದೆ ಕಟ್ಟಲು ಯಾವ ಭಾಷೆ ಬಳಸಿದಿರಿ ಅನ್ನುವುದು ಅವರಿಗೆ ಬೇಕಿಲ್ಲ. ಆ ಪರದೆಯನ್ನು ನಾಳೆ ನೀವೇ ಕಿತ್ತು ಬೇರೆ ಬರೆಯುತ್ತೀರಿ. ಲೆಕ್ಕ ತುಂಬಿದ ಡೇಟಾಬೇಸಿನ ಟೇಬಲ್‌ಗಳು ಉಳಿಯುತ್ತವೆ.

ಶುರುವಿಗೆ ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಸಾಕು. 2000ದಲ್ಲಿ ರಿಚರ್ಡ್ ಹಿಪ್ ಶುರುಮಾಡಿದ್ದು, ಈಗ ನಿಮ್ಮ ಜೇಬಿನ ಫೋನಿನಲ್ಲೂ ಇದೆ. ಇಡೀ ಡೇಟಾಬೇಸ್ ಒಂದೇ ಫೈಲು. ಬಿಲ್ ಸೇವ್ ಆಗುವಾಗ ರೈತರ ಖಾತೆ, ಹಮಾಲಿ, ಕಮಿಷನ್ ಮೂರೂ ಕಡೆ ಬರೆಯಬೇಕಲ್ವಾ? ಮಧ್ಯದಲ್ಲಿ ಕರೆಂಟ್ ಹೋದರೆ? ಮೂರನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಹಾಕಿದ್ದರೆ ಒಂದೋ ಎಲ್ಲವೂ ಉಳಿಯುತ್ತದೆ, ಇಲ್ಲವೇ ಯಾವುದೂ ಇಲ್ಲ. ಅರ್ಧಂಬರ್ಧ ಲೆಕ್ಕ ಇರುವುದಿಲ್ಲ. ನಮ್ಮೂರಿನಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಎರಡನೆಯದು ಪೈಥಾನ್. ಯಾಕೆ ಅಂತ ಎಲ್ಲರೂ ಹೇಳಿರುತ್ತಾರೆ, ಬಿಡಿ. ಬೇಗ ಬರೆಯಬಹುದು, ಬೇಗ ಓದಬಹುದು.

ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂಗೆ ನನ್ನ ಕೈ ಹೋಗುವುದು ಗೋ ಭಾಷೆಗೆ. ಗೂಗಲ್ 2009ರಲ್ಲಿ ಹೊರಗೆ ಬಿಟ್ಟದ್ದು. ಸುಮ್ನೆ ಒಂದು ಇಎಕ್ಸ್‌ಇ ಫೈಲ್ ಕೊಡುತ್ತದೆ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರೆ ಮುಗಿಯಿತು. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ಎಚ್ಚರಿಕೆ: ಯಾರ್ಡಿನಲ್ಲಿ ಇನ್ನೂ ವಿಂಡೋಸ್ 7 ಇರುವ ಡಬ್ಬಗಳಿವೆ. "ನಡೀತಾ ಇದೆಯಲ್ಲ, ಯಾಕೆ ಬದಲಿಸಬೇಕು" ಅಂತಾರೆ, ಅದೂ ನ್ಯಾಯವೇ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಗೋ ಆವೃತ್ತಿ 1.20. ಪೈಥಾನ್ ಆದರೆ 3.8. ಹೊಸ ಆವೃತ್ತಿಯಲ್ಲಿ ಬರೆದುಕೊಂಡು ಹೋಗುವ ಮೊದಲು ಗಿರಾಕಿಯ ಮಷಿನ್ ಯಾವುದು ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ರಸ್ಟ್ ಬಗ್ಗೆ ಆಸೆ ಇದ್ದರೆ ಭಾನುವಾರ ಕಲಿಯಿರಿ. ಚೆನ್ನಾಗಿದೆ, ಬಿಲ್ಲಿಂಗಿಗೆ ಬೇಕಿಲ್ಲ. ಜಾವಾಸ್ಕ್ರಿಪ್ಟ್ ಇಷ್ಟ ಇರಲಿ ಬಿಡಲಿ ಕಲಿಯಲೇಬೇಕು, ಬ್ರೌಸರಿನಲ್ಲಿ ಅದರದ್ದೇ ರಾಜ್ಯ.

ಈಗ ಯಾವ ಟ್ಯುಟೋರಿಯಲ್ಲೂ ಹೇಳದ ವಿಷಯಕ್ಕೆ ಬರೋಣ. ಭಾಷೆ ಯಾವುದೇ ಇರಲಿ, ಮೊದಲ ದಿನವೇ ಅದಕ್ಕೆ ಕನ್ನಡ ಕೊಟ್ಟು ನೋಡಿ. "ದಾವಣಗೆರೆ" ಅಂತ ಬರೆದು ಉದ್ದ ಎಷ್ಟು ಅಂತ ಕೇಳಿ. ನಮ್ಮ ಕಣ್ಣಿಗೆ 5 ಅಕ್ಷರ. ಪೈಥಾನ್ 8 ಅನ್ನುತ್ತದೆ, ಏಕೆಂದರೆ ಯುನಿಕೋಡ್‌ನಲ್ಲಿ ದೀರ್ಘ, ಎತ್ವ ಎಲ್ಲಾ ಬೇರೆ ಬೇರೆ ಸಂಕೇತ. ಗೋ 24 ಅನ್ನುತ್ತದೆ, ಅದು ಎಣಿಸುವುದು ಬೈಟ್. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಮೂವರೂ ಅವರವರ ಲೆಕ್ಕದಲ್ಲಿ ಸರಿಯೇ. ಆದರೆ ಪಟ್ಟಿಯಲ್ಲಿ ಜಾಗ ಸಾಲದೆ ಬಸವರಾಜಪ್ಪನವರ ಹೆಸರನ್ನು ಪೈಥಾನಿನಲ್ಲಿ ಎಂಟಕ್ಕೆ ಕತ್ತರಿಸಿದರೆ "ಬಸವರಾಜಪ್" ಅಂತ ನಿಲ್ಲುತ್ತದೆ. ಗೋದಲ್ಲಿ ಬೈಟ್ ನೋಡಿ ಕತ್ತರಿಸಿದರೆ ಕೊನೆಯಲ್ಲಿ ಗುರುತು ಸಿಗದ ಡಬ್ಬಿ ಬರುತ್ತದೆ. ರೈತರು ಆ ಚೀಟಿ ಹಿಡಿದುಕೊಂಡು "ಇದು ನಂದೇನಪ್ಪಾ?" ಅಂತ ಕೇಳುತ್ತಾರೆ.

ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸುವಾಗಲೂ ಇದೇ ಕಥೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದಮೇಲೆ. ಯುನಿಕೋಡ್ ಅಂಕಿಗಳ ಪ್ರಕಾರ ಅದು ಲ ಆದ ತಕ್ಷಣ, ವ ಬರುವುದಕ್ಕೆ ಮುಂಚೆ ಕೂತಿದೆ. ಅಂಕಿ ನೋಡಿ ಜೋಡಿಸಿದರೆ ಕಾಳಪ್ಪ ಮೇಲೆ ಹೋಗಿ ಕಾಶಪ್ಪ ಕೆಳಗೆ ಬರುತ್ತಾರೆ. ಪುಸ್ತಕದ ಲೆಡ್ಜರ್ ನೋಡಿ ಅಭ್ಯಾಸವಾದ ಗುಮಾಸ್ತರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಕನ್ನಡದ ಕ್ರಮ ಗೊತ್ತಿರುವ ಕೊಲೇಶನ್ (ಹೆಸರು ಜೋಡಿಸುವ ನಿಯಮ) ಹಾಕಿಕೊಳ್ಳಿ.

ಪ್ರಿಂಟ್ ಇನ್ನೂ ತಮಾಷೆ. ಬಿಲ್ ಹೊಡೆಯುವ ಥರ್ಮಲ್ ಪ್ರಿಂಟರುಗಳ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಹಾಗಾಗಿ ಬಿಲ್ಲನ್ನೇ ಚಿತ್ರ ಮಾಡಿ ಕಳಿಸಬೇಕು. 80 ಎಂಎಂ ಕಾಗದದ ಪ್ರಿಂಟರಿಗೆ ಚಿತ್ರದ ಅಗಲ ಸಾಮಾನ್ಯವಾಗಿ 576 ಚುಕ್ಕೆ, 58 ಎಂಎಂ ಆದರೆ 384. ಪೈಥಾನಿನ ಪಿಲ್ಲೋ ಲೈಬ್ರರಿಯಲ್ಲಿ ಚಿತ್ರ ಮಾಡುವುದಾದರೆ ಅದರ ಜೊತೆ ಅಕ್ಷರಗಳನ್ನು ಸರಿಯಾಗಿ ಕೂಡಿಸುವ ರಾಕ್ಮ್ (Raqm) ಲೈಬ್ರರಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಒತ್ತಾಗುವುದೇ ಇಲ್ಲ. ಪ್ಪ ಬರುವ ಕಡೆ ಒಂದು ಪ್, ಅದರ ಪಕ್ಕ ಇನ್ನೊಂದು ಪ ನಿಂತಿರುತ್ತದೆ.

ಎಸ್‌ಎಂಎಸ್ ಕಳಿಸುವುದಿದ್ದರೆ ಇದೂ ಗೊತ್ತಿರಲಿ: ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160, ಕನ್ನಡದಲ್ಲಿ 70. ಅದೂ ಕಣ್ಣಿಗೆ ಕಾಣುವ ಅಕ್ಷರ ಅಲ್ಲ, ಮೇಲೆ ಹೇಳಿದ ಸಂಕೇತಗಳ ಲೆಕ್ಕ. "ದಾವಣಗೆರೆ" ಒಂದಕ್ಕೇ 8 ಹೋಯಿತು. ಇನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಹೆಸರುಗಳ ಪಟ್ಟಿ ಕೊಟ್ಟರೆ ಮೊದಲು ಯುನಿಕೋಡಿಗೆ ಬದಲಿಸಿ, ಆಮೇಲೆ ಡೇಟಾಬೇಸಿಗೆ ಹಾಕಿ. ಆ ಫಾಂಟ್ ಇಲ್ಲದ ಕಡೆ ಅದು ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಅಷ್ಟೇ.

ದುಡ್ಡಿನ ಲೆಕ್ಕ ದಶಾಂಶದಲ್ಲಿ ಇಡಬೇಡಿ. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. 2.675 ಅನ್ನು ಎರಡು ಸ್ಥಾನಕ್ಕೆ ಇಳಿಸಿದರೆ 2.68 ಅಲ್ಲ, 2.67. ಕಂಪ್ಯೂಟರ್ ಅಂಕಿಯನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗೆ. ದುಡ್ಡನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ ಪೂರ್ಣಾಂಕವಾಗಿ ಇಡಿ.

ಸಾಮಾನಿನ ವಿಷಯ. ನನ್ನ ಅತಿ ಪ್ರೀತಿಯದು ಟಿವಿಎಸ್ ಗೋಲ್ಡ್ ಕೀಬೋರ್ಡ್. ಬ್ಯಾಂಕು, ಡಿಟಿಪಿ ಸೆಂಟರ್‌ಗಳಲ್ಲಿ ಟಕಟಕ ಸದ್ದು ಕೇಳಿರುತ್ತೀರಲ್ಲ, ಅದೇ. ಚೆರ್ರಿ ಸ್ವಿಚ್‌ಗಳಿಂದ ಹೆಸರಾದದ್ದು. ನೋಡೋಕೆ ಒಂಚೂರೂ ಚೆಂದ ಇಲ್ಲ, ದೀಪ ಇಲ್ಲ, ಸಪ್ಪೆ ಡಬ್ಬ. ಆದರೆ ಕೀಲಿ ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ಕ್ಯಾಪ್‌ಗಳನ್ನು ಒಂದೊಂದಾಗಿ ಕಿತ್ತು ತೊಳೆದು ಮತ್ತೆ ಹಾಕಬಹುದು. ಮೆಕ್ಕೆಜೋಳದ ಸೀಸನ್ನಿನಲ್ಲಿ ಯಾರ್ಡಿನ ದೂಳು ಕಂಡವರಿಗೆ, ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲೇ ಟೈಪ್ ಮಾಡುವ ನನ್ನಂಥವರಿಗೆ ಇದರ ಬೆಲೆ ಗೊತ್ತು. ಮನೆಯಲ್ಲಿ ರಾತ್ರಿ ಹೊತ್ತು ಬೇರೆಯವರು ಮಲಗುವ ಕೋಣೆಯಲ್ಲಿ ಮಾತ್ರ ಬಳಸಬೇಡಿ.

ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್ ಆದರೂ ಸಾಕು. 2018ರ ಥಿಂಕ್‌ಪ್ಯಾಡ್ ಟಿ480 ನನ್ನ ಆಯ್ಕೆ. ರ‍್ಯಾಮಿಗೆ ಎರಡು ಸ್ಲಾಟ್ ಇದೆ, ನಾವೇ ಹಾಕಿಕೊಳ್ಳಬಹುದು. ಒಳಗೊಂದು ಬ್ಯಾಟರಿ, ಹಿಂದೆ ಇನ್ನೊಂದು. ಹಿಂದಿನದನ್ನು ಮಷಿನ್ ಆಫ್ ಮಾಡದೆಯೇ ಬದಲಿಸಬಹುದು. ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯದನ್ನು ಕೊಳ್ಳಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದೆ, ಅದಕ್ಕಿಂತ ಹಳೇ ಪ್ರೊಸೆಸರುಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಲಿನಕ್ಸ್ ಹಾಕುವವರಿಗೆ ಈ ಮಾತು ಅನ್ವಯಿಸಲ್ಲ.

ಲ್ಯಾಪ್‌ಟಾಪಿಗೆ ಯುಪಿಎಸ್ ಬೇಕಿಲ್ಲ, ಆದರೆ ವೈಫೈ ರೂಟರಿಗೆ ಅಂತಲೇ ಸಿಗುವ ಪುಟ್ಟ 12 ವೋಲ್ಟ್ ಯುಪಿಎಸ್ ತಗೊಳ್ಳಿ. ಗಿರಾಕಿಯ ಜೊತೆ ಸ್ಕ್ರೀನ್ ಹಂಚಿಕೊಂಡು ಮಾತಾಡುವಾಗಲೇ ಕರೆಂಟ್ ಹೋಗುವುದು. ಮೌಸ್, ಮಾನಿಟರ್ ಯಾವುದಾದರೂ ನಡೆಯುತ್ತದೆ.

ಇನ್ನೊಂದು ಖರ್ಚು: ಅಂಗಡಿಗಳಲ್ಲಿ ಜಾಸ್ತಿ ಕಾಣುವ ಮಾಡೆಲ್ಲಿನದೇ 80 ಎಂಎಂ ಥರ್ಮಲ್ ಪ್ರಿಂಟರ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಕಾರ್ಬನ್ ಕಾಪಿ ಬೇಕು ಅಂತ ಡಾಟ್ ಮ್ಯಾಟ್ರಿಕ್ಸ್ ಇಟ್ಟುಕೊಂಡಿರುವ ದಲ್ಲಾಳಿ ಅಂಗಡಿಗಳೂ ಇವೆ. ಅದನ್ನು ಮಾತ್ರ ಕೊಳ್ಳಬೇಡಿ, ಮಧ್ಯಾಹ್ನ ವ್ಯಾಪಾರ ಇಳಿದ ಮೇಲೆ ಅವರ ಅಂಗಡಿಗೇ ಹೋಗಿ ಪರೀಕ್ಷೆ ಮಾಡಿ. ಟೀ ಸಿಗುತ್ತದೆ, ಗುಮಾಸ್ತರು ಇನ್ನೇನು ಬದಲಾವಣೆ ಬೇಕು ಅನ್ನುವುದನ್ನೂ ಆಗಲೇ ಹೇಳಿಬಿಡುತ್ತಾರೆ.